ಡೆಬಿಯನ್ ಸಂಘದ ಚುನಾವಣೆಗಳು ಮತ್ತು ಸ್ತ್ರೀಯರು

ಒಂದು ಸಂಸ್ಥೆಯ ಚುನಾವಣೆ ನ್ಯಾಯವಾಗಿ ನಡೆಯಿತೇ ಎಂದು ಪರಿಶೀಲಿಸುವವರು ಸಾಮಾನ್ಯವಾಗಿ ಮತಪತ್ರವನ್ನೂ ಎಣಿಕೆಯನ್ನೂ ನೋಡುತ್ತಾರೆ. ಮತದಾರರ ಪಟ್ಟಿಯನ್ನು ನೋಡುವವರು ಕಡಿಮೆ. ಪಟ್ಟಿಯಲ್ಲಿ ಯಾರ ಹೆಸರಿದೆ, ಆ ಹೆಸರು ಯಾವ ಅರ್ಹತೆಯ ಬಲದಿಂದ ಅಲ್ಲಿಗೆ ಬಂದಿತು, ಯಾರ ದುಡಿಮೆ ಅರ್ಹತೆಯೆಂದು ಗಣನೆಗೇ ಬರಲಿಲ್ಲ ಎಂಬ ಪ್ರಶ್ನೆಗಳು ಚುನಾವಣೆಯ ದಿನಕ್ಕಿಂತ ಬಹಳ ಹಿಂದೆಯೇ ತೀರ್ಮಾನವಾಗಿ ಹೋಗಿರುತ್ತವೆ. ಟ್ರಸ್ಟು, ಸಹಕಾರ ಸಂಘ, ವಿದ್ಯಾಸಂಸ್ಥೆಗಳ ಆಡಳಿತದಲ್ಲಿ ಪಳಗಿದ ವಾಚಕರಿಗೆ ಇದು ಹೊಸ ಮಾತೇನೂ ಅಲ್ಲ. ಆದರೆ ಕೆಲಸವೊಂದೇ ಮುಖ್ಯ, ಮಾಡುವವರು ಯಾರಾದರೂ ಆಗಬಹುದು ಎಂಬ ನಂಬಿಕೆಯ ಮೇಲೆ ಗಣಕಯಂತ್ರದ ಲೋಕದಲ್ಲಿ ಕಟ್ಟಲ್ಪಟ್ಟ ಒಂದು ಸ್ವಯಂಸೇವಕ ಸಂಘದಲ್ಲಿಯೂ ಇದೇ ಪ್ರಶ್ನೆ ಮತ್ತೆ ಮತ್ತೆ ತಲೆಯೆತ್ತಿತೆಂಬುದು ಅಷ್ಟಾಗಿ ತಿಳಿದಿರುವ ಸಂಗತಿಯಲ್ಲ. ಆ ಸಂಘದ ಹೆಸರು ಡೆಬಿಯನ್.

1993ರ ಆಗಸ್ಟ್ 16ರಂದು, ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದ ಇಯಾನ್ ಮರ್ಡಾಕ್ ಎಂಬ ತರುಣರು ಒಂದು ಪ್ರಕಟಣೆಯನ್ನು ಹೊರಡಿಸಿದರು. ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯನ್ನು ಸಾಮಾನ್ಯರು ಬಳಸಲು ಯೋಗ್ಯವಾಗುವಂತೆ ಒಟ್ಟುಗೂಡಿಸಿ, ಶುದ್ಧಪಡಿಸಿ, ಉಚಿತವಾಗಿ ಹಂಚುವುದು ಅವರ ಉದ್ದೇಶವಾಗಿತ್ತು. ಯಾವುದೇ ಕಂಪನಿಯ ಒಡೆತನವಿಲ್ಲದೆ, ಸ್ವಯಂಸೇವಕರೇ ಸೇರಿ, ಬಹಿರಂಗವಾಗಿ ಈ ಕೆಲಸವನ್ನು ನಡೆಸಬೇಕೆಂಬುದು ಅವರ ಸಂಕಲ್ಪ. ತಮ್ಮ ಹೆಸರಿನ ಇಯಾನ್ ಎಂಬುದನ್ನೂ, ಅಂದು ಗೆಳತಿಯಾಗಿದ್ದು ಅನಂತರ ಪತ್ನಿಯಾದ ಡೆಬ್ರಾ ಅವರ ಹೆಸರಿನ ಮೊದಲ ಭಾಗವನ್ನೂ ಸೇರಿಸಿ ‘ಡೆಬಿಯನ್’ ಎಂಬ ಹೆಸರನ್ನು ಅವರು ರಚಿಸಿದರು. ಹೆಸರಿನ ಪೂರ್ವಾರ್ಧ ಒಬ್ಬ ಸ್ತ್ರೀಯದು. ಆ ಸಂಘದ ಮುಂದಿನ ಚರಿತ್ರೆಯನ್ನು ನೋಡುವಾಗ ಈ ಸಣ್ಣ ಸಂಗತಿ ಆಗಾಗ ನೆನಪಿಗೆ ಬರುತ್ತದೆ.

ಕೆಲಸ ಬೇಗನೆ ಬೆಳೆಯಿತು. ಜಗತ್ತಿನ ನಾನಾ ಕಡೆಯ ತಂತ್ರಜ್ಞರು ಒಂದೊಂದು ತಂತ್ರಾಂಶದ ಪಾಲನೆಯ ಹೊಣೆ ಹೊತ್ತರು. 2023ರ ಜೂನ್‌ನಲ್ಲಿ ಹೊರಬಂದ ಹನ್ನೆರಡನೆಯ ಆವೃತ್ತಿಯಲ್ಲಿ 64 ಸಾವಿರಕ್ಕೂ ಹೆಚ್ಚು ತಂತ್ರಾಂಶ ಪೊಟ್ಟಣಗಳಿದ್ದವು. ಇವುಗಳ ಹಿಂದಿರುವ, ಮತದ ಹಕ್ಕುಳ್ಳ ಸದಸ್ಯರು ಸುಮಾರು ಒಂದು ಸಾವಿರ. ಸಂಬಳವಿಲ್ಲ, ಕಚೇರಿಯಿಲ್ಲ. ಸಂಘದ ದೇಣಿಗೆಯ ಹಣವನ್ನು 1997ರಲ್ಲಿ ಸ್ಥಾಪಿತವಾದ ಒಂದು ಲಾಭರಹಿತ ಸಂಸ್ಥೆ ಕಾಪಿಡುತ್ತ ಬಂದಿತು. ಅದೇ ವರ್ಷ ಬ್ರೂಸ್ ಪೆರೆನ್ಸ್ ಅವರ ನೇತೃತ್ವದಲ್ಲಿ, ಬಳಕೆದಾರರಿಗೆ ಸಂಘವು ಕೊಡುವ ವಚನವಾಗಿ ಒಂದು ‘ಸಾಮಾಜಿಕ ಒಪ್ಪಂದ’ವನ್ನು ಅಂಗೀಕರಿಸಲಾಯಿತು. 1998ರ ಡಿಸೆಂಬರ್‌ನಲ್ಲಿ ಸಂಘವು ತನಗೆ ತಾನೇ ಒಂದು ಲಿಖಿತ ಸಂವಿಧಾನವನ್ನು ಕೊಟ್ಟುಕೊಂಡಿತು.

ತಂತ್ರಜ್ಞರ ಬಳಗವೊಂದು ಸಂವಿಧಾನ ಬರೆದುಕೊಳ್ಳುವುದು ಅಂದಿಗೆ ವಿರಳವಾದ ಕ್ರಮ. ಅಂತಹ ಹಲವು ಬಳಗಗಳಲ್ಲಿ ಆರಂಭಿಸಿದವನೇ ಆಜೀವ ಅಧಿಪತಿ. ಅವನ ಮಾತೇ ಕೊನೆಯ ಮಾತು. ಡೆಬಿಯನ್ ಆ ದಾರಿ ಹಿಡಿಯಲಿಲ್ಲ. ವರ್ಷಕ್ಕೊಮ್ಮೆ ಸದಸ್ಯರೆಲ್ಲ ಮತ ಹಾಕಿ ಒಬ್ಬ ‘ಯೋಜನಾ ನಾಯಕ’ರನ್ನು ಆರಿಸಬೇಕು, ಅವರು ಕಾರ್ಯಕರ್ತರಿಗೆ ಅಧಿಕಾರ ವಹಿಸಿಕೊಡಬಹುದು, ಹಣದ ವೆಚ್ಚಕ್ಕೆ ಅನುಮತಿ ಕೊಡಬಹುದು, ಹೊರಜಗತ್ತಿನ ಮುಂದೆ ಸಂಘದ ಪರವಾಗಿ ಮಾತನಾಡಬಹುದು. ಆದರೆ ಯಾರಿಗೂ ಇಂಥ ಕೆಲಸ ಮಾಡೆಂದು ಆಜ್ಞಾಪಿಸುವಂತಿಲ್ಲ. ಈ ಸಂವಿಧಾನದಿಂದ ಯಾರ ಮೇಲೂ ದುಡಿಯುವ ಕಟ್ಟುಪಾಡು ಉಂಟಾಗದೆಂದು ಅದರಲ್ಲಿಯೇ ಸ್ಪಷ್ಟಪಡಿಸಲಾಗಿದೆ. ನಾಯಕರ ತೀರ್ಮಾನವನ್ನು ಸದಸ್ಯರು ಸಾಮಾನ್ಯ ನಿರ್ಣಯದ ಮೂಲಕ ರದ್ದುಗೊಳಿಸಲೂಬಹುದು. ಸಂವಿಧಾನದನ್ವಯ ಮೊದಲ ಚುನಾವಣೆ 1999ರಲ್ಲಿ ನಡೆದು ವಿಚರ್ಟ್ ಆಕರ್‌ಮನ್ ಅವರು ಆಯ್ಕೆಯಾದರು.

ಚುನಾವಣೆಯ ಕ್ರಮವನ್ನು ಸ್ವಲ್ಪ ವಿವರವಾಗಿ ನೋಡುವುದು ಅಗತ್ಯ, ಏಕೆಂದರೆ ಅದರ ನಿಷ್ಪಕ್ಷಪಾತದ ಬಗ್ಗೆ ಸಂಶಯಕ್ಕೆ ಎಡೆಯಿಲ್ಲ. ಈಚಿನ ನಿಯಮದಂತೆ ನಾಮಪತ್ರಕ್ಕೆ ಒಂದು ವಾರ, ಪ್ರಚಾರಕ್ಕೆ ಮೂರು ವಾರ, ಮತದಾನಕ್ಕೆ ಎರಡು ವಾರ. ಪ್ರಚಾರವೆಂದರೆ ಮೆರವಣಿಗೆಯಲ್ಲ, ಪ್ರತಿ ಅಭ್ಯರ್ಥಿಯೂ ತನ್ನ ಧ್ಯೇಯಪತ್ರವನ್ನು ಬರೆದು ಪ್ರಕಟಿಸಬೇಕು, ಸದಸ್ಯರು ಎಲ್ಲರಿಗೂ ಕಾಣುವಂತೆ ಲಿಖಿತವಾಗಿ ಕೇಳುವ ಪ್ರಶ್ನೆಗಳಿಗೆ ಅಲ್ಲಿಯೇ ಉತ್ತರಿಸಬೇಕು. ನಾಯಕರ ಚುನಾವಣೆಯಲ್ಲಿ ಮತ ಗುಪ್ತ. ಆದರೂ ತಾನು ಹಾಕಿದ ಮತ ಎಣಿಕೆಗೆ ಸೇರಿದೆಯೇ ಎಂದು ಪ್ರತಿ ಮತದಾರನೂ ಒಂದು ಗುಪ್ತಸಂಕೇತದ ನೆರವಿನಿಂದ ಪ್ರಕಟಿತ ಪಟ್ಟಿಯಲ್ಲಿ ಪರೀಕ್ಷಿಸಿ ನೋಡಬಹುದು. ಮತದಾರನು ಒಬ್ಬರನ್ನೇ ಆರಿಸುವುದಿಲ್ಲ. ಅಭ್ಯರ್ಥಿಗಳನ್ನು ತನಗೆ ಒಪ್ಪಿತವಾದ ಕ್ರಮದಲ್ಲಿ ಒಂದು, ಎರಡು, ಮೂರು ಎಂದು ಜೋಡಿಸುತ್ತಾನೆ. ಆಮೇಲೆ ಅಭ್ಯರ್ಥಿಗಳನ್ನು ಇಬ್ಬಿಬ್ಬರಂತೆ ಎದುರುಬದುರು ನಿಲ್ಲಿಸಿ ಲೆಕ್ಕ ಹಾಕಲಾಗುತ್ತದೆ. ಉಳಿದ ಪ್ರತಿಯೊಬ್ಬರನ್ನೂ ಜೋಡಿಯಾಗಿ ಸೋಲಿಸಿದವರು ಗೆದ್ದಂತೆ. ಹಾಗೆ ಯಾರೂ ಎಲ್ಲರನ್ನೂ ಸೋಲಿಸದೆ ಗಂಟು ಬಿದ್ದರೆ ಅದನ್ನು ಬಿಡಿಸುವ ಗಣಿತವೂ ಇದೆ. 2003ರಲ್ಲಿ ಆ ನಿಯಮವನ್ನು ಪರಿಷ್ಕರಿಸಲಾಯಿತು.

ಮತಪತ್ರದ ಕೊನೆಯಲ್ಲಿ ‘ಮೇಲಿನ ಯಾರೂ ಬೇಡ’ ಎಂಬ ಸಾಲು ಸದಾ ಇರುತ್ತದೆ. ಭಾರತದಲ್ಲಿ 2013ರ ಸರ್ವೋಚ್ಚ ನ್ಯಾಯಾಲಯದ ತೀರ್ಪಿನ ಬಳಿಕ ಬಂದ ‘ನೋಟಾ’ದಂತೆ ಇದು ಕೇವಲ ಅಸಮಾಧಾನದ ಗುರುತಲ್ಲ. ಈ ಸಾಲಿಗೆ ಸೋತ ಅಭ್ಯರ್ಥಿ ಆಯ್ಕೆಯಾಗುವಂತಿಲ್ಲ. ಒಬ್ಬರೇ ಕಣದಲ್ಲಿದ್ದರೂ ಚುನಾವಣೆ ನಡೆಯುತ್ತದೆ, ಅವರು ಈ ಸಾಲನ್ನು ಗೆಲ್ಲಬೇಕು. 2011, 2016, 2018, 2023ರಲ್ಲಿ ಹಾಗೆಯೇ ಆಯಿತು. ಈ ನಾಲ್ಕು ವರ್ಷಗಳು ಇನ್ನೊಂದನ್ನೂ ತಿಳಿಸುತ್ತವೆ: ನಾಯಕಸ್ಥಾನಕ್ಕೆ ನೂಕುನುಗ್ಗಲು ಇರಲಿಲ್ಲ. ಪುರುಷರು ಪೈಪೋಟಿಯಿಂದ ಸ್ತ್ರೀಯರನ್ನು ತಳ್ಳಿ ಹಾಕಿದರೆಂಬ ಸುಲಭ ವಿವರಣೆ ಇಲ್ಲಿ ಸಲ್ಲದು.

ಜೋಡಿ ಜೋಡಿಯಾಗಿ ಎಣಿಸುವ ಈ ಪದ್ಧತಿಗೆ ಹದಿನೆಂಟನೆಯ ಶತಮಾನದ ಫ್ರೆಂಚ್ ಗಣಿತಜ್ಞ ಮಾರ್ಕ್ವಿಸ್ ದ ಕಾಂಡೋರ್ಸೆ ಅವರ ಹೆಸರಿದೆ. ಬಹುಮತದ ತೀರ್ಮಾನಗಳ ಗಣಿತವನ್ನು ಅವರು ವಿವರಿಸಿದ ಗ್ರಂಥ ಪ್ರಕಟವಾದದ್ದು 1785ರಲ್ಲಿ. ಐದೇ ವರ್ಷಗಳ ಅನಂತರ, 1790ರ ಜುಲೈಯಲ್ಲಿ, ಅದೇ ಕಾಂಡೋರ್ಸೆ ಇನ್ನೊಂದು ಪುಟ್ಟ ಪ್ರಬಂಧವನ್ನು ಬರೆದರು. ಸ್ತ್ರೀಯರಿಗೆ ಪೌರತ್ವದ ಹಕ್ಕುಗಳನ್ನು ಕೊಡಬೇಕೆಂಬುದು ಅದರ ವಾದ. ಮನುಷ್ಯರಿಗೆ ಹಕ್ಕುಗಳು ಬರುವುದು ಅವರು ಆಲೋಚಿಸಬಲ್ಲ, ಧರ್ಮಾಧರ್ಮ ವಿವೇಚಿಸಬಲ್ಲ ಜೀವಿಗಳಾದ್ದರಿಂದ. ಈ ಗುಣಗಳು ಸ್ತ್ರೀಯರಲ್ಲಿಯೂ ಇರುವುದರಿಂದ ಹಕ್ಕುಗಳೂ ಸಮವಾಗಿಯೇ ಇರಬೇಕು ಎಂಬುದು ಅದರ ತಿರುಳು. ಮಹಾಕ್ರಾಂತಿಯ ಕಾಲದ ಫ್ರಾನ್ಸ್ ಆ ಮಾತಿಗೆ ಕಿವಿಗೊಡಲಿಲ್ಲ. ಕಾಂಡೋರ್ಸೆ 1794ರಲ್ಲಿ ಸೆರೆಮನೆಯಲ್ಲಿ ತೀರಿಕೊಂಡರು. ಫ್ರೆಂಚ್ ಸ್ತ್ರೀಯರಿಗೆ ಮತದ ಹಕ್ಕು ದೊರೆತದ್ದು 1944ರಲ್ಲಿ. ಮತ ಎಣಿಸುವ ಬಗೆಯನ್ನೂ ಮತದಾರರು ಯಾರಾಗಬೇಕೆಂಬುದನ್ನೂ ಕಾಂಡೋರ್ಸೆ ಬೇರೆ ಬೇರೆಯಾಗಿ ಕಾಣಲಿಲ್ಲ. ಇನ್ನೂರು ವರ್ಷಗಳ ಅನಂತರ ಡೆಬಿಯನ್ ಅವರ ಮೊದಲ ಗ್ರಂಥವನ್ನು ಕೈಗೆತ್ತಿಕೊಂಡಿತು; ಎರಡನೆಯದರ ಪ್ರಶ್ನೆ ತನಗೆ ಸಂಬಂಧಿಸಿದ್ದೆಂದು ಅದಕ್ಕೆ ಬಹುಕಾಲ ಹೊಳೆಯಲಿಲ್ಲ.

ಹೊಳೆಯದಿರಲು ಕಾರಣವೂ ಇತ್ತು. ಸಂಘದ ನಿಯಮಗಳಲ್ಲಿ ಎಲ್ಲಿಯೂ ಸ್ತ್ರೀ-ಪುರುಷ ಎಂಬ ಭೇದವಿರಲಿಲ್ಲ. ಯಾರು ಬೇಕಾದರೂ ಬರಬಹುದಿತ್ತು. ಆದರೆ ಬರುವ ದಾರಿ ಹೇಗಿತ್ತು? 1999ರಲ್ಲಿ ಹೊಸಬರ ಪ್ರವೇಶವನ್ನು ತಾತ್ಕಾಲಿಕವಾಗಿ ನಿಲ್ಲಿಸಿ, 2000ದಲ್ಲಿ ವಿಧ್ಯುಕ್ತವಾದ ಪರೀಕ್ಷಾಕ್ರಮದೊಂದಿಗೆ ಮತ್ತೆ ತೆರೆಯಲಾಯಿತು. ಅದರಂತೆ ಅಭ್ಯರ್ಥಿಯನ್ನು ಈಗಾಗಲೇ ಸದಸ್ಯನಾದವನೊಬ್ಬ ಶಿಫಾರಸು ಮಾಡಬೇಕು. ಅಭ್ಯರ್ಥಿ ಸದಸ್ಯನೊಬ್ಬನನ್ನು ಮುಖತಃ ಭೇಟಿಯಾಗಿ, ಗುರುತಿನ ಪತ್ರ ತೋರಿಸಿ, ತನ್ನ ಗೂಢಲಿಪಿಯ ಕೀಲಿಗೆ ಅವನ ಸಹಿ ಪಡೆಯಬೇಕು. ಸಂಘದ ತತ್ತ್ವಗಳ ಬಗ್ಗೆಯೂ ತಾಂತ್ರಿಕ ಕೌಶಲದ ಬಗ್ಗೆಯೂ ದೀರ್ಘ ಪರೀಕ್ಷೆ. ಇದಕ್ಕೆ ತಿಂಗಳುಗಳು ಹಿಡಿಯುತ್ತಿದ್ದವು, ಕೆಲವರಿಗೆ ವರ್ಷಗಳೂ. ಎಲ್ಲಕ್ಕಿಂತ ಮುಖ್ಯವಾಗಿ, ಪೊಟ್ಟಣ ಕಟ್ಟುವ ತಾಂತ್ರಿಕ ಕೆಲಸವೇ ಸದಸ್ಯತ್ವದ ರೂಢಿಗತ ಅಳತೆಗೋಲಾಗಿತ್ತು. ಅನುವಾದ ಮಾಡಿದವರು, ಕೈಪಿಡಿ ಬರೆದವರು, ಸಮ್ಮೇಳನದ ವ್ಯವಸ್ಥೆ ನೋಡಿಕೊಂಡವರು, ಹೊಸಬರ ಸಂದೇಹಗಳಿಗೆ ತಾಳ್ಮೆಯಿಂದ ಉತ್ತರಿಸಿದವರು ಸಂಘಕ್ಕೆ ಎಷ್ಟೇ ಬೇಕಾದವರಾಗಿದ್ದರೂ ಮತದಾರರಾಗುವುದು ಸುಲಭವಿರಲಿಲ್ಲ. 2007ರಲ್ಲಿ ‘ಡೆಬಿಯನ್ ಪಾಲಕ’ ಎಂಬ ನಡುವಣ ಸ್ಥಾನವೊಂದನ್ನು ಕಲ್ಪಿಸಿದಾಗಲೂ ಅದು ತಂತ್ರಾಂಶ ಏರಿಸುವ ಹಕ್ಕಾಗಿತ್ತೇ ಹೊರತು ಮತದ ಹಕ್ಕಾಗಿರಲಿಲ್ಲ.

ಇಂತಹ ಕ್ರಮದಲ್ಲಿ ದುರುದ್ದೇಶವನ್ನು ಹುಡುಕುವುದು ತಪ್ಪಾದೀತು. ಕೋಟ್ಯಂತರ ಯಂತ್ರಗಳಲ್ಲಿ ಓಡುವ ತಂತ್ರಾಂಶಕ್ಕೆ ಕೈಹಾಕುವ ಅಧಿಕಾರವನ್ನು ಅಪರಿಚಿತರಿಗೆ ಒಪ್ಪಿಸುವಾಗ ಎಚ್ಚರ ಅಗತ್ಯವೇ. ಆದರೆ ಶಿಫಾರಸಿಗೆ ಪರಿಚಯ ಬೇಕು, ಪರಿಚಯಕ್ಕೆ ಪ್ರಯಾಣ ಬೇಕು, ಪ್ರಯಾಣಕ್ಕೂ ಪರೀಕ್ಷೆಗೂ ಮನೆಗೆಲಸದಿಂದ ಬಿಡುವು ಬೇಕು. ಬಿಡುವು ಎಂಬುದು ಸಮನಾಗಿ ಹಂಚಿಹೋಗಿರುವ ಸಂಪತ್ತಲ್ಲ.

ಈ ವಿಷಯವನ್ನು ಮೊದಲು ಎತ್ತಿದವರು ಡೆಬಿಯನ್‌ನ ಹೊರಗಿನ ಸ್ತ್ರೀಯರು. ಡೆಬ್ ರಿಚರ್ಡ್ಸನ್ ಎಂಬವರು ‘ಲಿನಕ್ಸ್‌ಚಿಕ್ಸ್’ ಎಂಬ ಬಳಗವನ್ನು ಆರಂಭಿಸಿದರು. ಅದರ ನಿಯಮಗಳು ಎರಡೇ: ಸಭ್ಯರಾಗಿರಿ, ನೆರವಾಗಿರಿ. 2002ರಲ್ಲಿ ಅದೇ ವಲಯದ ವಾಲ್ ಹೆನ್ಸನ್ ಅವರು, ಮುಂದೆ ವ್ಯಾಲೆರಿ ಅರೋರಾ ಎಂದು ಹೆಸರಾದವರು, ಲಿನಕ್ಸ್ ಕ್ಷೇತ್ರಕ್ಕೆ ಸ್ತ್ರೀಯರನ್ನು ಪ್ರೋತ್ಸಾಹಿಸುವುದು ಹೇಗೆಂಬುದರ ಕುರಿತು ಒಂದು ಕೈಪಿಡಿ ಬರೆದರು. ಸ್ತ್ರೀಯರನ್ನು ಹಗುರಾಗಿ ಕಾಣುವ ವಿನೋದವನ್ನು ಬಿಡಬೇಕೆಂಬುದು ಅದರಲ್ಲಿರುವ ಒಂದು ಸಲಹೆ. ಇನ್ನೊಂದು ತೀರ ಸಣ್ಣದಾಗಿ ಕಂಡರೂ ಅರ್ಥವತ್ತಾದುದು: ಕಲಿಯುತ್ತಿರುವ ಸ್ತ್ರೀಯ ಕೈಯಿಂದ ಕೀಲಿಮಣೆಯನ್ನು ಕಸಿದುಕೊಳ್ಳಬೇಡಿ. ನೆರವಾಗುವ ಉತ್ಸಾಹದಲ್ಲಿ ಕೆಲಸವನ್ನು ತಾನೇ ಮಾಡಿಮುಗಿಸುವವನು ಕಲಿಯುವವಳ ಅವಕಾಶವನ್ನು ಕಿತ್ತುಕೊಂಡಂತೆ ಎಂಬ ಈ ಸೂಕ್ಷ್ಮವನ್ನು ಎಷ್ಟೋ ದೊಡ್ಡ ವರದಿಗಳು ಹಿಡಿದಿಲ್ಲ.

ಡೆಬಿಯನ್‌ನ ಒಳಗೆ ಚಲನೆ ಉಂಟಾದದ್ದು 2004ರಲ್ಲಿ. ಆಗ ಸಂಘದ ಅಧಿಕೃತ ಸದಸ್ಯರಲ್ಲಿ ಸ್ತ್ರೀಯರು ಬೆರಳೆಣಿಕೆಯಷ್ಟು. ಅಮಾಯಾ ರೋಡ್ರಿಗೋ, ಎರಿನ್ ಕ್ಲಾರ್ಕ್, ಹೆಲೆನ್ ಫಾಕ್ನರ್, ಹಾನಾ ವಾಲಕ್, ಮಾರ್ಗರಿಟಾ ಮಾಂಟೆರೋಲಾ ಮೊದಲಾದವರು ಸೇರಿ ‘ಡೆಬಿಯನ್ ವಿಮೆನ್’ ಎಂಬ ಉಪಯೋಜನೆಯನ್ನು ಕಟ್ಟಿದರು. ಸ್ಪೇನ್, ಅಮೆರಿಕ, ಆಸ್ಟ್ರೇಲಿಯ, ಬ್ರಿಟನ್, ಅರ್ಜೆಂಟೀನ ಹೀಗೆ ದೂರದೂರದ ದೇಶಗಳಿಂದ ಬಂದವರು ಇವರು. ಪುರುಷರಿಗೂ ಪ್ರವೇಶವಿದ್ದ ಈ ಬಳಗ ಪ್ರತ್ಯೇಕ ಸಂಘವಾಗಲು ಹೊರಟದ್ದಲ್ಲ. ಹೊಸಬರಿಗೆ ಅನುಭವಿಗಳ ಮಾರ್ಗದರ್ಶನ ಒದಗಿಸುವುದು, ಪೊಟ್ಟಣ ಕಟ್ಟುವ ವಿದ್ಯೆಯನ್ನು ಹೇಳಿಕೊಡುವುದು, ಪ್ರಶ್ನೆ ಕೇಳಿದರೆ ಯಾರೂ ನಗದಂಥ ಜಾಗವೊಂದನ್ನು ಮಾಡಿಕೊಡುವುದು, ಇಷ್ಟೇ ಅದರ ಕಾರ್ಯಕ್ರಮ. ಬೇಡಿಕೆಯ ಪತ್ರ ಬರೆಯುವುದಕ್ಕಿಂತ ಬಾಗಿಲವರೆಗೆ ಜೊತೆಯಲ್ಲಿ ನಡೆದು ಬರುವುದನ್ನು ಅವರು ಆರಿಸಿಕೊಂಡರು. ಕೆಲವೇ ವರ್ಷಗಳಲ್ಲಿ ಸ್ತ್ರೀ ಸದಸ್ಯರ ಸಂಖ್ಯೆ ಏರಿತು. ಆದರೂ ಸಾವಿರದ ಸಂಘದಲ್ಲಿ ಅದು ಸಣ್ಣ ಸಂಖ್ಯೆಯೇ ಆಗಿ ಉಳಿಯಿತು.

ಈ ಸಣ್ಣ ಸಂಖ್ಯೆ ಡೆಬಿಯನ್ ಒಂದರದೇ ಅಲ್ಲವೆಂಬುದು 2006ರಲ್ಲಿ ಅಂಕಿಗಳೊಂದಿಗೆ ಬಯಲಾಯಿತು. ಐರೋಪ್ಯ ಆಯೋಗದ ನೆರವಿನಿಂದ ನಡೆದ ‘ಫ್ಲಾಸ್‌ಪೋಲ್ಸ್’ ಎಂಬ ಅಧ್ಯಯನದಂತೆ, ಕಂಪನಿಗಳಲ್ಲಿ ಸಂಬಳಕ್ಕೆ ದುಡಿಯುವ ತಂತ್ರಾಂಶ ವೃತ್ತಿಯಲ್ಲಿ ಸ್ತ್ರೀಯರು ಸುಮಾರು ಶೇಕಡಾ 28ರಷ್ಟಿದ್ದರೆ, ಸ್ವಯಂಸೇವೆಯ ಮುಕ್ತ ತಂತ್ರಾಂಶ ಬಳಗಗಳಲ್ಲಿ ಅವರ ಪ್ರಮಾಣ ಶೇಕಡಾ 1.5 ಮಾತ್ರ. ಸ್ತ್ರೀಯರಿಗೆ ಗಣಕದ ಕೆಲಸ ಒಗ್ಗದು ಎಂಬ ಹಳೆಯ ವಾದ ಈ ಎರಡು ಸಂಖ್ಯೆಗಳ ಮುಂದೆ ನಿಲ್ಲಲಾರದು. ಸಂಬಳ ಕೊಟ್ಟು ಕರೆದಲ್ಲಿ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಇದ್ದವರು, ಎಲ್ಲರಿಗೂ ತೆರೆದಿದೆಯೆಂದು ಹೇಳಿಕೊಂಡಲ್ಲಿ ನೂರಕ್ಕೆ ಇಬ್ಬರೂ ಇಲ್ಲ! ಬಳಗಗಳು ಸ್ತ್ರೀಯರನ್ನು ಬೇಕೆಂದೇ ಹೊರಗಿಟ್ಟಿಲ್ಲ, ಅರಿವಿಲ್ಲದೆಯೇ ಹೊರಗಿಟ್ಟಿವೆ ಎಂಬುದು ಸಂಶೋಧಕರ ಅಭಿಪ್ರಾಯ. ಸಂಕೇತ ಬರೆಯುವುದೊಂದನ್ನೇ ಕೆಲಸವೆಂದು ಎಣಿಸುವ ರೂಢಿಯನ್ನೂ, ಕಟುವಾದ ವಾಗ್ವಾದಗಳನ್ನು ಸಹಜವೆಂದು ಸಹಿಸುವ ರೂಢಿಯನ್ನೂ ಅವರು ಕಾರಣಗಳಾಗಿ ಗುರುತಿಸಿದರು.

ಅದೇ 2006ರಲ್ಲಿ ಗ್ನೋಮ್ ಎಂಬ ಇನ್ನೊಂದು ಮುಕ್ತ ತಂತ್ರಾಂಶ ಬಳಗಕ್ಕೆ, ಬೇಸಿಗೆ ತರಬೇತಿಯ ವಿದ್ಯಾರ್ಥಿವೇತನ ಕೋರಿ 181 ಅರ್ಜಿಗಳು ಬಂದವು. ಎಲ್ಲವೂ ಪುರುಷರವು. ಬಳಗದವರು ಸ್ತ್ರೀಯರಿಗೆಂದೇ ಮತ್ತೊಂದು ಪ್ರಕಟಣೆ ಹೊರಡಿಸಿದಾಗ ನೂರಕ್ಕೂ ಹೆಚ್ಚು ಅರ್ಜಿಗಳು ಬಂದು, ಆರು ಮಂದಿ ಆಯ್ಕೆಯಾದರು. ಅರ್ಹರು ಮೊದಲೂ ಇದ್ದರು. ಕರೆ ತಮಗೂ ಸೇರಿದ್ದೆಂದು ಅವರಿಗೆ ಅನಿಸಿರಲಿಲ್ಲ, ಅಷ್ಟೆ. 2010ರಲ್ಲಿ ಈ ಕಾರ್ಯಕ್ರಮಕ್ಕೆ ಮರುಜೀವ ಕೊಟ್ಟವರು ಮರೀನಾ ಝುರಾಖಿನ್ಸ್ಕಾಯಾ. 2015ರಲ್ಲಿ ಅದು ‘ಔಟ್‌ರೀಚಿ’ ಎಂಬ ಹೆಸರಿನಿಂದ ಹಲವು ಬಳಗಗಳ ಸಾಮಾನ್ಯ ಯೋಜನೆಯಾಯಿತು, ಡೆಬಿಯನ್ ಕೂಡ ಅದರಲ್ಲಿ ಪಾಲ್ಗೊಂಡಿತು. ಮನೆಯಿಂದಲೇ ದುಡಿಯುವ ಅವಕಾಶ, ಜೊತೆಗೊಬ್ಬ ಮಾರ್ಗದರ್ಶಿ, ಮೂರು ತಿಂಗಳ ವೇತನ: ಬಿಡುವು ಇಲ್ಲದವರಿಗೆ ಬಿಡುವನ್ನು ಹಣ ಕೊಟ್ಟು ಒದಗಿಸಿದ ಕ್ರಮವಿದು. ಮರೀನಾ ಅವರು 2022ರಲ್ಲಿ ಅಕಾಲದಲ್ಲಿ ಅಗಲಿದರು.

ಡೆಬಿಯನ್‌ನ ಚುನಾವಣಾ ಚರಿತ್ರೆಯಲ್ಲಿ 2010 ಒಂದು ತಿರುವಿನ ವರ್ಷ. ಆ ವರ್ಷದ ಮತಪತ್ರದಲ್ಲಿ ನಾಲ್ಕು ಹೆಸರುಗಳಿದ್ದವು; ಅವುಗಳಲ್ಲೊಂದು ಮಾರ್ಗರಿಟಾ ಮಾಂಟೆರೋಲಾ. ನಾಯಕಸ್ಥಾನಕ್ಕೆ ಸ್ತ್ರೀಯೊಬ್ಬರು ಸ್ಪರ್ಧಿಸಿದ್ದು ಅದೇ ಮೊದಲು. ಡೆಬಿಯನ್ ವಿಮೆನ್ ಕಟ್ಟಿದವರಲ್ಲಿ ಒಬ್ಬರಾದ ಅವರು, 2008ರಲ್ಲಿ ಅರ್ಜೆಂಟೀನದ ಮಾರ್ ದೆಲ್ ಪ್ಲಾಟಾದಲ್ಲಿ ಜರುಗಿದ ಸಂಘದ ವಾರ್ಷಿಕ ಸಮ್ಮೇಳನದ ಸಂಘಟಕರಲ್ಲಿಯೂ ಒಬ್ಬರು. ತಂತ್ರಾಂಶ ಪಾಲನೆಯಲ್ಲಿ ಪರಿಣತರು. ಗೆದ್ದವರು ಇಟಲಿಯ ಸ್ಟೆಫಾನೊ ಝಾಕಿರೋಲಿ. ಮಾರ್ಗರಿಟಾ ಅವರು ಮುಂದೆ, ತಾಂತ್ರಿಕ ವಿವಾದಗಳಲ್ಲಿ ಕೊನೆಯ ತೀರ್ಪು ಕೊಡುವ ಸಂಘದ ತಾಂತ್ರಿಕ ಸಮಿತಿಯ ಸದಸ್ಯರಾದರು.

ತಿರುವು ಎಂದದ್ದು ಈ ಸ್ಪರ್ಧೆಗಾಗಿ ಮಾತ್ರವಲ್ಲ. ಗೆದ್ದ ಝಾಕಿರೋಲಿ ಅವರೇ ಆ ವರ್ಷ ಒಂದು ಸಾಮಾನ್ಯ ನಿರ್ಣಯವನ್ನು ಮಂಡಿಸಿದರು: ಪೊಟ್ಟಣ ಕಟ್ಟದಿದ್ದರೂ, ಅನುವಾದ, ದಾಖಲೆ, ಸಂಘಟನೆ ಮೊದಲಾದ ಕೆಲಸಗಳಿಂದ ಸಂಘಕ್ಕೆ ದೀರ್ಘಕಾಲ ಸೇವೆ ಸಲ್ಲಿಸಿದವರನ್ನು ಪೂರ್ಣ ಸದಸ್ಯರನ್ನಾಗಿ ಸ್ವಾಗತಿಸಬೇಕು, ಅವರಿಗೆ ತಂತ್ರಾಂಶ ಏರಿಸುವ ಅಧಿಕಾರ ಇಲ್ಲದಿದ್ದರೂ ಮತದ ಹಕ್ಕು ಇರಬೇಕು. ನಿರ್ಣಯವು ಅಕ್ಟೋಬರ್‌ನಲ್ಲಿ ಭಾರಿ ಬಹುಮತದಿಂದ ಅಂಗೀಕೃತವಾಯಿತು. ಇದರಲ್ಲಿ ಸ್ತ್ರೀ ಎಂಬ ಶಬ್ದವೇ ಬರುವುದಿಲ್ಲ. ಆದರೂ ಸಂಘದಲ್ಲಿ ಸ್ತ್ರೀಯರ ಸ್ಥಾನದ ಚರಿತ್ರೆಯನ್ನು ಬರೆಯುವವರು ಮೊದಲು ನೋಡಬೇಕಾದ ದಾಖಲೆ ಇದು. ಏಕೆಂದರೆ ‘ಕೆಲಸ’ ಎಂಬ ಶಬ್ದದ ಅರ್ಥವನ್ನೇ ಇದು ವಿಸ್ತರಿಸಿತು. ಊಟದ ಪಂಕ್ತಿಯ ಹಿಂದೆ ಅಡುಗೆಮನೆಯೊಂದಿದೆಯೆಂದು ಸಂಘವೊಂದು ತನ್ನ ಕಡತದಲ್ಲಿ ಬರೆದುಕೊಂಡಂತೆ. ಇದನ್ನು ಅನುಸರಿಸಿ 2012ರಲ್ಲಿ ಎಲ್ಲರಿಗೂ ಸ್ವಾಗತವೆಂಬ ವೈವಿಧ್ಯ ಘೋಷಣೆಯನ್ನೂ, 2014ರಲ್ಲಿ ನಡವಳಿಕೆಯ ಸಂಹಿತೆಯನ್ನೂ ಸದಸ್ಯರು ಮತ ಹಾಕಿ ಅಂಗೀಕರಿಸಿದರು.

ಹೋಲಿಕೆಗಾಗಿ ಪೈಥಾನ್ ಎಂಬ ಗಣಕಭಾಷೆಯ ಬಳಗವನ್ನು ನೋಡಬಹುದು. ಅಲ್ಲಿ ಬಹುಕಾಲ ಚುನಾವಣೆಯೇ ಇರಲಿಲ್ಲ. ಭಾಷೆಯ ಕರ್ತೃ ಗೀಡೋ ವಾನ್ ರೋಸಮ್ ಅವರದೇ ಕೊನೆಯ ಮಾತು. 2015ರ ಸಮ್ಮೇಳನದಲ್ಲಿ ಅವರು, ಮುಂದಿನ ವರ್ಷದೊಳಗೆ ಕನಿಷ್ಠ ಇಬ್ಬರು ಸ್ತ್ರೀಯರಾದರೂ ಮುಖ್ಯ ರಚನಕಾರರ ತಂಡಕ್ಕೆ ಬರಬೇಕು, ಅಗತ್ಯವಿದ್ದರೆ ತಾವೇ ಕಲಿಸುವುದಾಗಿ ಬಹಿರಂಗವಾಗಿ ಹೇಳಿದರು. ಗಡುವು ಮೀರಿತಾದರೂ ಮಾತು ವ್ಯರ್ಥವಾಗಲಿಲ್ಲ. 2017ರಲ್ಲಿ ಮರಿಯಾಟಾ ವಿಜಯ ಅವರು ಆ ತಂಡ ಸೇರಿದ ಮೊದಲ ಸ್ತ್ರೀಯಾದರು. 2018ರಲ್ಲಿ ಗೀಡೋ ಅಧಿಪತ್ಯವನ್ನು ಬಿಟ್ಟುಕೊಟ್ಟ ಮೇಲೆ, 2019ರ ಆರಂಭದಲ್ಲಿ ಐವರ ಮಾರ್ಗದರ್ಶಕ ಮಂಡಳಿಗೆ ನಡೆದ ಮೊದಲ ಚುನಾವಣೆಯಲ್ಲಿಯೇ ಕೆರೋಲ್ ವಿಲಿಂಗ್ ಆಯ್ಕೆಯಾದರು. 2023ರ ಮಂಡಳಿಗೆ ಎಮಿಲಿ ಮೋರ್‌ಹೌಸ್ ಬಂದರು. ಏಕಾಧಿಪತ್ಯವಿದ್ದಲ್ಲಿ ಸ್ತ್ರೀಯರು ಬೇಗ ಬಂದರು, ಪ್ರಜಾಪ್ರಭುತ್ವವಿದ್ದಲ್ಲಿ ತಡವಾಯಿತು ಎಂದು ಇದರಿಂದ ತೀರ್ಮಾನಿಸುವುದು ಅವಸರವಾದೀತು. ಒಬ್ಬರನ್ನು ಆರಿಸುವ ಚುನಾವಣೆಗೂ ಐವರನ್ನು ಆರಿಸುವುದಕ್ಕೂ ಅಂತರವಿದೆ. ಆದರೆ ಅಲ್ಲಿ ಬಾಗಿಲ ಬಳಿಯ ಕೆಲಸ ಮೊದಲು, ಮತದಾನ ಆಮೇಲೆ ನಡೆಯಿತೆಂಬುದು ನಿಜ. ಫೆಡೋರಾ ಎಂಬ ಇನ್ನೊಂದು ಲಿನಕ್ಸ್ ಬಳಗಕ್ಕೆ 2012ರಿಂದ 2014ರವರೆಗೆ ರಾಬಿನ್ ಬರ್ಜರನ್ ಎಂಬ ಮಹಿಳೆ ನಾಯಕಿಯಾಗಿದ್ದರು. ಅಲ್ಲಿ ಆ ಸ್ಥಾನ ಕಂಪನಿಯ ನೇಮಕದಿಂದ ಬರುವಂಥದು.

ಕಾಲ ಕಳೆದಂತೆ ಎಲ್ಲವೂ ತಾನಾಗಿ ಸರಿಹೋಗುತ್ತದೆಂಬ ಭರವಸೆಯನ್ನು ಅಂಕಿಗಳು ಸಮರ್ಥಿಸುವುದಿಲ್ಲ. 2017ರಲ್ಲಿ ಗಿಟ್‌ಹಬ್ ಸಂಸ್ಥೆ ನಡೆಸಿದ ಸಮೀಕ್ಷೆಯಲ್ಲಿ ಉತ್ತರಿಸಿದವರ ಪೈಕಿ ಶೇಕಡಾ 95 ಪುರುಷರು, ಶೇಕಡಾ 3 ಸ್ತ್ರೀಯರು. ಅದೇ ವರ್ಷ ಪ್ರಕಟವಾದ ಒಂದು ಸಂಶೋಧನೆಯಂತೆ, ಮುಕ್ತ ತಂತ್ರಾಂಶಗಳಿಗೆ ಸ್ತ್ರೀಯರು ಕಳುಹಿಸಿದ ತಿದ್ದುಪಡಿಗಳಲ್ಲಿ ಶೇಕಡಾ 78.6 ಅಂಗೀಕಾರವಾಗಿದ್ದರೆ ಪುರುಷರವು ಶೇಕಡಾ 74.6. ಗುಣದಲ್ಲಿ ಕೊರತೆಯಿರಲಿಲ್ಲ. ಆದರೆ ಬಳಗಕ್ಕೆ ಹೊಸಬಳಾದ ಸ್ತ್ರೀ ತನ್ನ ಪರಿಚಯಪುಟದಿಂದ ಸ್ತ್ರೀಯೆಂದು ಗುರುತಾಗುತ್ತಿದ್ದಾಗ ಅಂಗೀಕಾರದ ಪ್ರಮಾಣ ತಗ್ಗಿತ್ತು. ಒಳಗಿನವರಿಗೆ ಪರಿಚಿತಳಾದ ಮೇಲೆ ಆ ಅಡ್ಡಿ ಕಾಣಿಸಲಿಲ್ಲ. ತೊಡಕು ಇದ್ದದ್ದು ಹೊಸ್ತಿಲಲ್ಲಿಯೇ.

ಮಾರ್ಗರಿಟಾ ಅವರ ಬಳಿಕ ಹತ್ತು ವರ್ಷ ಡೆಬಿಯನ್‌ನ ಮತಪತ್ರದಲ್ಲಿ ಸ್ತ್ರೀಯ ಹೆಸರು ಕಾಣಲಿಲ್ಲ. 2020ರಲ್ಲಿ ಕಾಣಿಸಿದ ಎರಡನೆಯ ಹೆಸರು ಭಾರತದ್ದು: ಶಾಲೆಗಳ ಪಾಠಕ್ಕೇ ಮುಕ್ತ ತಂತ್ರಾಂಶವನ್ನು ಅಳವಡಿಸಿಕೊಂಡ ಕೇರಳದ ಶ್ರುತಿ ಚಂದ್ರನ್. ವೃತ್ತಿಶಿಕ್ಷಣದಿಂದ ಗ್ರಂಥಪಾಲಕಿಯಾದ ಅವರು ರೂಬಿ, ಜಾವಾಸ್ಕ್ರಿಪ್ಟ್, ಗೋ ಭಾಷೆಗಳ ತಂತ್ರಾಂಶಗಳನ್ನೂ ಅಕ್ಷರಶೈಲಿಗಳನ್ನೂ ಪಾಲಿಸುತ್ತ ಸದಸ್ಯತ್ವ ಪಡೆದವರು. ತಮ್ಮ ಧ್ಯೇಯಪತ್ರದಲ್ಲಿ ಅವರು ವೈವಿಧ್ಯದ ಪ್ರಶ್ನೆಯನ್ನೇ ನಡುವೆ ಇಟ್ಟರು. ಮುಕ್ತ ತಂತ್ರಾಂಶ ಬಳಗಗಳಲ್ಲಿ ಸ್ತ್ರೀ-ಪುರುಷರ ಪ್ರಮಾಣದ ಓರೆಯೇ ತಮ್ಮನ್ನು ಕಣಕ್ಕಿಳಿಸಿತೆಂದು ಮುಚ್ಚುಮರೆಯಿಲ್ಲದೆ ಬರೆದರು. ಆ ವರ್ಷ ಮೂವರು ಅಭ್ಯರ್ಥಿಗಳು. ದಕ್ಷಿಣ ಆಫ್ರಿಕದ ಜೊನಾಥನ್ ಕಾರ್ಟರ್ ಆಯ್ಕೆಯಾದರು. 2021ರಲ್ಲಿ ಕಾರ್ಟರ್ ಮತ್ತು ಶ್ರುತಿ ಇಬ್ಬರೇ ಎದುರಾಳಿಗಳು. ಆಗಲೂ ಕಾರ್ಟರ್ ಗೆದ್ದರು. ಆದರೂ ಅಭ್ಯರ್ಥಿಯಾದವರ ಪ್ರಶ್ನೆಯನ್ನು ಮೂರು ವಾರಗಳ ಪ್ರಶ್ನೋತ್ತರದಲ್ಲಿ ಇಡೀ ಸಂಘ ಚರ್ಚಿಸಲೇಬೇಕಾಯಿತು. ಸೋತ ಸ್ಪರ್ಧೆಯ ಈ ಫಲವನ್ನು ಎಣಿಕೆಯ ಪಟ್ಟಿ ತೋರಿಸುವುದಿಲ್ಲ.

2023ರ ಸೆಪ್ಟೆಂಬರ್‌ನಲ್ಲಿ ಸಂಘದ ವಾರ್ಷಿಕ ಸಮ್ಮೇಳನ ಮೊಟ್ಟಮೊದಲ ಬಾರಿಗೆ ಭಾರತದಲ್ಲಿ, ಕೊಚ್ಚಿಯಲ್ಲಿ, ನಡೆಯಿತು. ಅದನ್ನು ಇಲ್ಲಿಗೆ ತರಲು ವರ್ಷಗಟ್ಟಲೆ ಶ್ರಮಿಸಿದವರಲ್ಲಿ ಶ್ರುತಿ ಒಬ್ಬರು. ಗೂಢಲಿಪಿಯ ಕೀಲಿಗೆ ಸಹಿ ಪಡೆಯಲು ಸದಸ್ಯರನ್ನು ಮುಖತಃ ಕಾಣಲೇಬೇಕೆಂಬ ನಿಯಮವನ್ನು ನೆನೆದರೆ, ಸಮ್ಮೇಳನ ಯಾವ ದೇಶದಲ್ಲಿ ನಡೆಯುತ್ತದೆಂಬುದು ಕೇವಲ ಆತಿಥ್ಯದ ವಿಷಯವಲ್ಲವೆಂದು ತಿಳಿಯುತ್ತದೆ. ವಿದೇಶಯಾತ್ರೆಯ ವೀಸಾ, ವಿಮಾನದ ದರ, ಮನೆಯವರ ಒಪ್ಪಿಗೆ ಇವೆಲ್ಲವನ್ನೂ ದಾಟಿ ಹೋಗಲಾರದ ಭಾರತದ ಹೆಣ್ಣುಮಕ್ಕಳಿಗೆ ಆ ಒಂದು ವಾರ, ಸದಸ್ಯತ್ವದ ಹೊಸ್ತಿಲೇ ತಮ್ಮ ಕಡೆಗೆ ಸರಿದು ಬಂದಂತಿತ್ತು.

2024ರಲ್ಲಿ ಕಾರ್ಟರ್ ಮತ್ತೆ ಸ್ಪರ್ಧಿಸಲಿಲ್ಲ. ಕಣದಲ್ಲಿ ಉಳಿದವರು ಜರ್ಮನಿಯ ಆಂಡ್ರಿಯಾಸ್ ಟಿಲ್ಲೆ ಮತ್ತು ಶ್ರುತಿ ಚಂದ್ರನ್, ಟಿಲ್ಲೆ ಆಯ್ಕೆಯಾದರು. 2025ರ ಮತಪತ್ರದಲ್ಲಿ ಟಿಲ್ಲೆ, ಶ್ರುತಿ, ಜೂಲಿಯನ್ ಆಂಡ್ರೆಸ್ ಕ್ಲೋಡೆ, ಜಾನ್‌ಫ್ರಾಂಕೊ ಕೋಸ್ತಮಾನ್ಯಾ ಎಂಬ ನಾಲ್ಕು ಹೆಸರುಗಳಿದ್ದು ಟಿಲ್ಲೆ ಪುನಃ ಗೆದ್ದರು. ಶ್ರುತಿ ಅವರಿಗೆ ಅದು ನಾಲ್ಕನೆಯ ಸ್ಪರ್ಧೆ. 1999ರಿಂದ ಆ ವರ್ಷದವರೆಗೆ ನಡೆದ ಇಪ್ಪತ್ತೇಳು ಚುನಾವಣೆಗಳಲ್ಲಿ ಸ್ಪರ್ಧಿಸಿದ ಸ್ತ್ರೀಯರು ಇಬ್ಬರು, ಗೆದ್ದವರೆಲ್ಲ ಪುರುಷರು. ಸಂಘದ ಸಂವಿಧಾನದಂತೆ, ಸಾವಿರ ಸದಸ್ಯರಿರುವಾಗ ಚುನಾವಣೆಯ ಕೋರಂ ತುಂಬಲು ನಲವತ್ತೆಂಟು ಮತಗಳು ಸಾಕು.